ಪ್ರಾಸ: ಸಿಂಹದಿಂದ ಹಯದವರೆಗೆ ಆರು ಬಗೆ

ಹಳಗನ್ನಡ ಪದ್ಯದ ಪ್ರತಿ ಪಾದದಲ್ಲೂ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಇದಕ್ಕೆ ಪ್ರಾಸವೆಂದು ಹೆಸರು; ಆದಿಪ್ರಾಸ, ದ್ವಿತೀಯಾಕ್ಷರಪ್ರಾಸ ಎಂದೂ ಕರೆಯುತ್ತಾರೆ. ಆ ವ್ಯಂಜನದ ಹಿಂದೆ ಏನಿದೆ, ಅದು ಒಂಟಿಯೋ ಒತ್ತೋ ಎಂಬುದನ್ನು ನೋಡಿ ಲಾಕ್ಷಣಿಕರು ಪ್ರಾಸವನ್ನು ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಆರಾಗಿ ವಿಂಗಡಿಸಿದ್ದಾರೆ. ಹಳಗನ್ನಡ ಓದುವವರಲ್ಲೂ ಈ ಆರು ಹೆಸರುಗಳನ್ನು ತಡವರಿಸದೆ ಹೇಳುವವರು ಈಗ ಕಡಿಮೆ. ಈ ವಿಂಗಡಣೆ ಕೆಲಸ ಮಾಡುವ ಬಗೆಯನ್ನು ತಿಳಿಯಲು ದೊಡ್ಡ ಕಾವ್ಯಗಳೇ ಬೇಕೆಂದಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಊರ ಹೆಸರುಗಳು ಮತ್ತು ಅಲ್ಲಿನ ಗುಡಿಗಳ ಶಾಸನಗಳು ಸಾಕು.

ಪ್ರಾಸದಲ್ಲಿ ಲೆಕ್ಕಕ್ಕೆ ಬರುವುದು ವ್ಯಂಜನ. ಅದಕ್ಕೆ ಹತ್ತಿದ ಸ್ವರ ಯಾವುದಾದರೂ ನಡೆಯುತ್ತದೆ. ಮೊದಲ ಪಾದ ‘ಮರ’ ಎಂದು ತೊಡಗಿದರೆ ಉಳಿದವು ‘ಕಿರಿ’, ‘ಗುರು’, ‘ಸೊರೆ’ ಎಂದು ತೊಡಗಬಹುದು. ‘ಮಾರ’ ಎಂದು ತೊಡಗುವಂತಿಲ್ಲ. ವ್ಯಂಜನ ಒಂದೇ ಆದರೂ ಅದರ ಹಿಂದಿನ ಸ್ವರ ಒಂದು ಪಾದದಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘವಾದರೆ ಪದ್ಯದ ನಡೆ ಮೊದಲ ಹೆಜ್ಜೆಯಲ್ಲೇ ಬೇರೆಯಾಗುತ್ತದೆ. ಆರು ಬಗೆಯ ವಿಂಗಡಣೆ ಹುಟ್ಟಿದ್ದು ಈ ಸೂಕ್ಷ್ಮವನ್ನು ಹಿಡಿಯಲು. ಹಿಂದೆ ಹ್ರಸ್ವಸ್ವರವಿದ್ದು ವ್ಯಂಜನ ಒಂಟಿಯಾಗಿದ್ದರೆ ಸಿಂಹ, ಹಿಂದೆ ದೀರ್ಘವಿದ್ದರೆ ಗಜ, ಬಿಂದು, ಅಂದರೆ ಅನುಸ್ವಾರವಿದ್ದರೆ ವೃಷಭ, ಬೇರೆ ಬೇರೆ ವ್ಯಂಜನಗಳು ಕೂಡಿ ಒತ್ತಾಗಿದ್ದರೆ ಶರಭ, ವಿಸರ್ಗವಿದ್ದರೆ ಅಜ, ಅದೇ ವ್ಯಂಜನ ಇಮ್ಮಡಿಸಿದ್ದರೆ, ಹಳಬರ ಮಾತಿನಲ್ಲಿ ದಡ್ಡಕ್ಕರವಾಗಿದ್ದರೆ, ಹಯ. ಹೆಸರು ಪ್ರಾಣಿಗಳದು, ಲಕ್ಷಣ ಅಕ್ಷರದ್ದು. ಸಿಂಹಪ್ರಾಸದ ಪದ್ಯ ಗರ್ಜಿಸಬೇಕು, ಗಜಪ್ರಾಸದ್ದು ಮೆಲ್ಲನೆ ನಡೆಯಬೇಕು ಎಂದೆಲ್ಲ ಅರ್ಥ ಹಚ್ಚಬೇಕಾಗಿಲ್ಲ.

ಈ ಆರನ್ನೂ ಒಂದೇ ಕಂದದಲ್ಲಿ ಅಡಕವಾಗಿ ಹೇಳಿದ ಗ್ರಂಥ ಒಂದನೆಯ ನಾಗವರ್ಮನ ‘ಛಂದೋಂಬುಧಿ’. ಕಾಲ ಸುಮಾರು 990. ಶಾಸ್ತ್ರವನ್ನು ಹೆಂಡತಿಗೆ ಹೇಳಿಕೊಡುವ ಧಾಟಿಯಲ್ಲಿ ಬರೆದಿರುವುದರಿಂದ ಲಕ್ಷಣಪದ್ಯಗಳ ನಡುನಡುವೆ ಮುದ್ದಿನ ಸಂಬೋಧನೆಗಳು ಬರುತ್ತವೆ. ಶುಷ್ಕವಾದ ವಿಷಯ ಬಾಯಲ್ಲಿ ನಿಲ್ಲಲು ಅದೂ ಒಂದು ಕಾರಣವಾಗಿರಬೇಕು. ಫರ್ಡಿನೆಂಡ್ ಕಿಟ್ಟೆಲ್ ಈ ಗ್ರಂಥವನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ನಾಗವರ್ಮನಿಗಿಂತ ಒಂದು ಶತಮಾನಕ್ಕೂ ಹಿಂದೆ, ರಾಷ್ಟ್ರಕೂಟ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವೂ ಪ್ರಾಸವನ್ನು ವಿವರವಾಗಿ ಚರ್ಚಿಸಿತ್ತು. ಸಂಸ್ಕೃತ ಛಂದಸ್ಸಿನಲ್ಲಿ ಕಡ್ಡಾಯವಾದ ಯತಿಯನ್ನು, ಅಂದರೆ ಪಾದದ ನಡುವಿನ ನಿಲುಗಡೆಯನ್ನು, ಕನ್ನಡ ಕವಿಗಳು ಸಡಿಲಬಿಟ್ಟರು, ಸಂಸ್ಕೃತ ಕೇಳದ ಪ್ರಾಸವನ್ನು ಬಿಗಿಹಿಡಿದರು. ಈ ಅದಲುಬದಲು ಕನ್ನಡ ಕಾವ್ಯದ ಗುರುತಾಯಿತು.

ಕಂದವನ್ನೇ ನೋಡಬಹುದು. ಅದು ಪ್ರಾಕೃತದ ‘ಖಂಧಅ’ ಎಂಬ ಛಂದಸ್ಸಿನಿಂದ ಬಂದದ್ದು. ಪ್ರವರಸೇನನ ‘ಸೇತುಬಂಧ’ ಅದೇ ಛಂದಸ್ಸಿನ ಪ್ರಾಕೃತ ಕಾವ್ಯ. ಅಲ್ಲಿ ಆದಿಪ್ರಾಸದ ಕಟ್ಟಿಲ್ಲ. ಪ್ರಾಕೃತ ಈ ಸೀಮೆಗೆ ಹೊಸದೇನೂ ಆಗಿರಲಿಲ್ಲ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸಿಕ್ಕಿದ್ದು ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ. ಕನ್ನಡಕ್ಕೆ ಬಂದ ಕಂದ ಮಾತ್ರೆಯ ಲೆಕ್ಕವನ್ನು ಹಾಗೆಯೇ ಇಟ್ಟುಕೊಂಡು ಪ್ರಾಸವನ್ನು ಮೈಗೂಡಿಸಿಕೊಂಡಿತು. ಪ್ರಾಸವಿಲ್ಲದ ಕಂದವನ್ನು ಹಳಗನ್ನಡದವರು ಕಂದವೆಂದು ಒಪ್ಪುತ್ತಿರಲಿಲ್ಲ.

ಇನ್ನು ಊರುಗಳ ಹೆಸರು. ಹರಪನಹಳ್ಳಿ, ಹಿರೇಹಡಗಲಿ, ಕುರುವತ್ತಿ ಮೂರರಲ್ಲೂ ಎರಡನೆಯ ಅಕ್ಷರ ರಕಾರ, ಹಿಂದಿನದು ಹ್ರಸ್ವ. ಮೂರೂ ಸಿಂಹಪ್ರಾಸದವು; ಒಂದೇ ಪದ್ಯದ ಮೂರು ಪಾದಗಳ ಮೊದಲಿಗೆ ನಿಲ್ಲಬಲ್ಲವು. ಹಗರಿಬೊಮ್ಮನಹಳ್ಳಿಯ ‘ಹಗರಿ’, ಹರಪನಹಳ್ಳಿ ತಾಲ್ಲೂಕಿನ ‘ಚಿಗಟೇರಿ’ ಕೂಡ ಸಿಂಹವೇ, ಆದರೆ ಗಕಾರದ ಸಿಂಹ. ಹಡಗಲಿ ಎಂದಷ್ಟೇ ಅಂದರೆ ಡಕಾರದ ಸಿಂಹಪ್ರಾಸ. ಹೂವಿನಹಡಗಲಿ ಎಂದು ಪೂರ್ತಿ ಹೇಳಿದರೆ ವಕಾರದ ಗಜಪ್ರಾಸ. ಕಚೇರಿಯ ಕಾಗದದಲ್ಲಿ ಎರಡೂ ಒಂದೇ ಊರು, ಕವಿಗೆ ಎರಡು ಬೇರೆ ಸಾಮಗ್ರಿ. ಮೈಲಾರವೂ ಗಜ, ಏಕೆಂದರೆ ಐಕಾರ ದೀರ್ಘದ ಲೆಕ್ಕಕ್ಕೇ ಸೇರುತ್ತದೆ. ಕೊಟ್ಟೂರಿನ ಹತ್ತಿರದ ಅಂಬಳಿ ವೃಷಭ: ಕಂಬ, ತುಂಬೆ, ನಂಬು ಅದರ ಜೊತೆಗಾರರು. ತುಂಗಭದ್ರೆಯೂ ವೃಷಭವೇ, ಅದಕ್ಕೆ ಗಂಗೆ, ಲಿಂಗ, ಹಂಗು ಹೊಂದುತ್ತವೆ.

ಕೊಟ್ಟೂರು ಹಯಪ್ರಾಸದ ಊರು. ಬೆಟ್ಟ, ಕಟ್ಟೆ, ತೊಟ್ಟಿಲು, ಹುಟ್ಟು, ಮುಟ್ಟು ಎಂದು ಟಕಾರದ ಒತ್ತಿರುವ ಮಾತು ಕನ್ನಡದಲ್ಲಿ ರಾಶಿರಾಶಿ ಇವೆ. ಉಚ್ಚಂಗಿದುರ್ಗವೂ ಹಯವೇ. ಹೆಸರಿನ ನಡುವೆ ಬಿಂದುವಿದೆಯಲ್ಲ, ವೃಷಭವಾಗಬೇಕಲ್ಲವೇ ಎಂದು ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ. ಪ್ರಾಸ ನೋಡುವುದು ಎರಡನೆಯ ಅಕ್ಷರವನ್ನು ಮಾತ್ರ, ಅಲ್ಲಿರುವುದು ಚಕಾರದ ಒತ್ತು. ಕನ್ನಡದ ಕಿವಿಗೆ ತೀರ ಸಹಜವಾದ ಪ್ರಾಸ ಯಾವುದೆಂದು ಕೇಳಿದರೆ ಈ ಲೇಖಕನ ಮತ ಹಯದ ಕಡೆಗೆ. ಅಚ್ಚಗನ್ನಡ ಮಾತುಗಳಲ್ಲಿ ಸಜಾತಿಯ ಒತ್ತು ಇರುವಷ್ಟು ವಿಜಾತಿಯ ಒತ್ತಿಲ್ಲ.

ವಿಜಾತಿಯ ಒತ್ತಿನ ಶರಭಕ್ಕೆ ಈ ಐದು ತಾಲ್ಲೂಕುಗಳಲ್ಲಿ ಒಳ್ಳೆಯ ಉದಾಹರಣೆ ಕೂಡ್ಲಿಗಿ. ಅದರ ‘ಡ್ಲ’ಕ್ಕೆ ಜೊತೆ ಹುಡುಕಲು ಹೊರಟ ಗ್ರಾಂಥಿಕ ಕವಿ ಬಳಲುತ್ತಾನೆ. ಆಡುಮಾತಿನ ಕವಿಗೆ ಆ ಕಷ್ಟವಿಲ್ಲ: ಆಡ್ಲಿ, ನೋಡ್ಲಿ, ಮಾಡ್ಲಿ, ಓಡ್ಲಿ ಎಂದು ಬಾಯಿಗೆ ಬಂದಷ್ಟೂ ಸಿಗುತ್ತವೆ. ಅವನ್ನೇ ಆಡಲಿ, ನೋಡಲಿ ಎಂದು ಬಿಡಿಸಿ ಬರೆದ ಕೂಡಲೇ ಡಕಾರದ ಗಜಪ್ರಾಸವಾಗಿ ಕೂಡ್ಲಿಗಿಯ ನಂಟು ಕಡಿದುಹೋಗುತ್ತದೆ. ಅಜಪ್ರಾಸಕ್ಕೆ ಮಾತ್ರ ಇಲ್ಲಿ ಒಂದೂ ಊರಿಲ್ಲ, ಇರಲು ಸಾಧ್ಯವೂ ಇಲ್ಲ. ಅಚ್ಚಗನ್ನಡ ಪದಗಳಲ್ಲಿ ವಿಸರ್ಗವಿಲ್ಲ. ಸಂಸ್ಕೃತದ ‘ದುಃಖ’ದಂಥ ಕೆಲವೇ ಪದಗಳನ್ನು ಹಿಡಿದು ನಾಲ್ಕು ಪಾದ ತುಂಬಿಸಬೇಕು. ಲಕ್ಷಣ ಪೂರ್ತಿಯಾಗಲೆಂದು ಗ್ರಂಥದಲ್ಲಿ ಜಾಗ ಪಡೆದ ಪ್ರಾಸವಿದು, ಕಾವ್ಯದಲ್ಲಿ ಅದರ ಸುಳಿವು ಅಪರೂಪ.

ಗಜಪ್ರಾಸಕ್ಕೆ ಈ ನೆಲ ಬಹಳ ಉದಾರಿ. ಹಡಗಲಿ ತಾಲ್ಲೂಕಿನ ಮಾಗಳ ಮತ್ತು ಸೋಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ, ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ನಾಲ್ಕೂ ಚಾಳುಕ್ಯರ ಕಾಲದ ಗುಡಿ ಬಸದಿಗಳಿಗೆ ಹೆಸರಾದ ಊರುಗಳು. ನಾಲ್ಕರಲ್ಲೂ ದೀರ್ಘದ ಮುಂದೆ ಗಕಾರ. ಈ ಲೇಖನಕ್ಕೆಂದೇ ಕಟ್ಟಿದ ಒಂದು ಕಂದ ಹೀಗಿದೆ:

ಮಾಗಳ ಸೋಗಿಯ ಗುಡಿಯೊಳ್
ಬಾಗಿಲವಾಡದ ವಿಲಾಸಮಂ ನೋಡಿರ್ದೆಂ
ಕೋಗಳಿ ಬಾಗಳಿಯೆಡೆಯೊಳ್
ಸಾಗುವ ದಾರಿಯೊಳೆ ಕೆರೆಯ ನೀರಂ ಕುಡಿದೆಂ

ಕಾವ್ಯಗುಣ ಇದರಲ್ಲಿ ಹೆಚ್ಚೇನಿಲ್ಲ, ಲಕ್ಷಣ ಮಾತ್ರ ಪೂರ್ತಿ ಇದೆ. ಮಾಗಳ, ಬಾಗಿಲು, ಕೋಗಳಿ, ಸಾಗುವ ಎಂಬ ಮಾತುಗಳು ಪ್ರಾಸವನ್ನು ಹೊತ್ತಿವೆ. ಕಂದದ ಒಂದು ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಮೂರು ಗಣ, ಎರಡು ಮತ್ತು ನಾಲ್ಕರಲ್ಲಿ ಐದೈದು ಗಣ. ಒಟ್ಟು 16 ಗಣ, 64 ಮಾತ್ರೆ. ಪ್ರತಿ ಅರ್ಧದ ಆರನೆಯ ಗಣ ನಡುವೆ ಗುರುವಿರುವ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಮೊದಲ ಅರ್ಧದಲ್ಲಿ ‘ವಿಲಾಸ’ ಎಂಬುದು ಜಗಣ. ಎರಡನೆಯ ಅರ್ಧದಲ್ಲಿ ‘ಳೆ ಕೆರೆಯ’ ಎಂಬುದು ಸರ್ವಲಘು. ಅರ್ಧಗಳ ಕೊನೆಗೆ ಗುರು ಬಂದಿದೆ. ಎರಡನೆಯ ಪಾದದ ಬಾಗಿಲವಾಡದ ಮಾತು ಬರಿಯ ಪ್ರಾಸಕ್ಕಾಗಿ ತುರುಕಿದ್ದಲ್ಲ. ಚಾಳುಕ್ಯ ಶಿಲ್ಪಿಗಳು ಬಾಗಿಲವಾಡದ ಸಾಲುಸಾಲು ಪಟ್ಟಿಕೆಗಳಲ್ಲಿ ತೋರಿದ ಕೈಚಳಕ ಈ ಸೀಮೆಯ ಗುಡಿಗಳಲ್ಲಿ ಎದ್ದು ಕಾಣುತ್ತದೆ.

ಆದರೆ ಈ ಕಂದ ನಿಂತಿರುವುದು ಇಂದಿನ ಹೆಸರುಗಳ ಮೇಲೆ. ಬಾಗಳಿಗೆ ಶಾಸನಗಳಲ್ಲಿ ಬಾಳ್ಗಳಿ, ಬಾಳ್ಗುಳಿ ಎಂಬಂಥ ರೂಪಗಳಿವೆ. ಆಗ ಎರಡನೆಯ ಅಕ್ಷರ ಒಂಟಿ ಗಕಾರವಾಗುವುದಿಲ್ಲ, ಅದು ‘ಳ್ಗ’ ಎಂಬ ವಿಜಾತಿಯ ಒತ್ತು. ಊರು ಗಜವನ್ನು ಬಿಟ್ಟು ಶರಭಕ್ಕೆ ಸೇರುತ್ತದೆ. ಆ ಕಾಲದ ಕವಿ ಅದನ್ನು ಕೋಗಳಿಯ ಎದುರು ಪಾದದ ಮೊದಲಿಗೆ ಇಡುವಂತಿರಲಿಲ್ಲ. ಮೇಲಿನ ಪದ್ಯದಲ್ಲಿ ಬಾಗಳಿ ಪಾದದ ನಡುವೆ ಇರುವುದರಿಂದ ಪ್ರಾಸದ ಹಂಗಿಲ್ಲ, ‘ಬಾ’ ಮೊದಲೇ ಗುರುವಾದ್ದರಿಂದ ಹಳೆಯ ರೂಪ ಇಟ್ಟರೂ ಮಾತ್ರೆ ಹೆಚ್ಚದೆ ಗಣ ಹಾಗೆಯೇ ಉಳಿಯುತ್ತದೆ. ಬಾಯಲ್ಲಿ ಸವೆದ ಹೆಸರು ಛಂದಸ್ಸಿನ ಜಾತಿಯನ್ನೇ ಬದಲಾಯಿಸುತ್ತದೆ. ಹಾಗಾಗಿ ಪದ್ಯದ ಮೊದಲಿಗೆ ಊರ ಹೆಸರು ಬಂದಿರುವ ಶಾಸನ, ಆ ಹೆಸರನ್ನು ಅಂದು ಹೇಗೆ ನುಡಿಯುತ್ತಿದ್ದರು ಎಂಬುದಕ್ಕೆ ಬರಹಕ್ಕಿಂತ ಗಟ್ಟಿಯಾದ ಸಾಕ್ಷಿ. ಬರೆಯುವವನ ಕೈ ತಪ್ಪಬಹುದು, ನಾಲ್ಕು ಪಾದಗಳು ಒಟ್ಟಿಗೆ ತಪ್ಪಲಾರವು.

ಬಾಗಳಿಯ ಕಲ್ಲೇಶ್ವರ ಗುಡಿ ರಾಷ್ಟ್ರಕೂಟರ ಕೊನೆಗಾಲದಲ್ಲಿ ತೊಡಗಿ ಕಲ್ಯಾಣ ಚಾಳುಕ್ಯ ಎರಡನೆಯ ತೈಲಪನ ಆಳ್ವಿಕೆಯಲ್ಲಿ, ಸುಮಾರು 987ರಲ್ಲಿ ಪೂರ್ಣಗೊಂಡಿತು. ನಾಗವರ್ಮ ಪ್ರಾಸಗಳಿಗೆ ಲಕ್ಷಣ ಬರೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಈ ಗುಡಿಯ ಆವರಣದಲ್ಲೂ ಸುತ್ತಲ ಊರುಗಳಲ್ಲೂ ಇರುವ ಕನ್ನಡ ಶಾಸನಗಳ ದೊಡ್ಡ ಸಂಗ್ರಹ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿದೆ. ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಸಂಪಾದಿಸಿದ ಅದರ ಮೊದಲ ಭಾಗ 1939ರಲ್ಲಿ ಹೊರಬಂತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ರಂದು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನಕ್ಕಾಗಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಈ ಸೀಮೆಯ ಶಾಸನಗಳನ್ನು ಹುಡುಕಿದವರಿಗೆ ನಿರಾಶೆಯಾಗುವುದು ಇದೇ ಕಾರಣಕ್ಕೆ.

ಶಾಸನದಲ್ಲಿ ಪ್ರಾಸದ ಉಪಯೋಗ ಕಿವಿಯ ಹಿತಕ್ಕೆ ಮುಗಿಯುವುದಿಲ್ಲ. ಕಲ್ಲು ಕೊರೆಯುವವನಿಗೆ ಜಾಗ ಮುಖ್ಯ. ಪಾದ ಮುಗಿಯಿತೆಂದು ಅವನು ಸಾಲು ಮುರಿಯುವುದಿಲ್ಲ. ಗದ್ಯ, ಕಂದ, ವೃತ್ತ ಎಲ್ಲವೂ ಒಂದೇ ಸಮನೆ ಅಂಚಿನಿಂದ ಅಂಚಿಗೆ ಹರಿಯುತ್ತವೆ. ಕೆಲವೆಡೆ ಕಂದಕ್ಕೆ ‘ಕಂ’, ವೃತ್ತಕ್ಕೆ ‘ವೃ’ ಎಂಬ ಗುರುತು ಇರುತ್ತದೆ, ಕೆಲವೆಡೆ ಅದೂ ಇಲ್ಲ. ಹೀಗಿರುವಾಗ ಪಾದ ಎಲ್ಲಿ ಮುಗಿದು ಎಲ್ಲಿ ತೊಡಗಿತು ಎಂದು ಓದುವವನಿಗೆ ತಿಳಿಸುವುದು ಪ್ರಾಸ. ಮಾತ್ರೆ ಎಣಿಸುತ್ತ ಹೋಗಿ ಹನ್ನೆರಡು ತುಂಬಿದಲ್ಲಿ ನಿಂತು, ಮುಂದಿನ ಎರಡನೆಯ ಅಕ್ಷರ ನೋಡಿದರೆ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ. ಕಲ್ಲು ಚಕ್ಕೆಯೆದ್ದು ಅಕ್ಷರ ಹೋಗಿದ್ದರೂ ಇದೇ ದಾರಿ. ಮೂರು ಪಾದಗಳಲ್ಲಿ ಹಯಪ್ರಾಸದ ‘ಟ್ಟ’ ಉಳಿದು ನಾಲ್ಕನೆಯದರಲ್ಲಿ ಬರಿಯ ‘ಕೊ…ರ’ ಎಂದಷ್ಟೇ ಕಂಡರೆ, ನಡುವೆ ಅಳಿದಿರುವುದು ಟಕಾರದ ಒತ್ತು ಎಂದು ಸಂಪಾದಕ ಧೈರ್ಯವಾಗಿ ಕಂಸದಲ್ಲಿ ತುಂಬಿಸಬಹುದು. ಅದರ ಸ್ವರ ಯಾವುದೆಂದು ಮಾತ್ರ ಪ್ರಾಸ ಹೇಳದು.

ಒಂದೇ ಕಲ್ಲಿನಲ್ಲಿ ಸಂಸ್ಕೃತವೂ ಕನ್ನಡವೂ ಇದ್ದರೆ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ. ಶೈವ ಶಾಸನಗಳ ತಲೆಯಲ್ಲಿ ಹಲವೆಡೆ ಬರುವ, ಬಾಣಭಟ್ಟನ ‘ಹರ್ಷಚರಿತ’ದಿಂದ ಎತ್ತಿಕೊಂಡ ಶಂಭುಸ್ತುತಿಗೂ, ದಾನವನ್ನು ಕಸಿದವನಿಗೆ ಕೇಡು ಹೇಳುವ ಕೊನೆಯ ಶ್ಲೋಕಕ್ಕೂ ಆದಿಪ್ರಾಸದ ಹೊಣೆಯಿಲ್ಲ. ನಡುವಿನ ಕನ್ನಡ ಭಾಗದಲ್ಲಿ ಮತ್ತೇಭವಿಕ್ರೀಡಿತವೋ ಚಂಪಕಮಾಲೆಯೋ ಬಂದರೆ, ವೃತ್ತ ಸಂಸ್ಕೃತದ ಅಚ್ಚಿನದೇ ಆದರೂ ಕವಿ ನಾಲ್ಕು ಪಾದಕ್ಕೂ ಪ್ರಾಸ ಹಾಕುತ್ತಾನೆ. ಕಲ್ಯಾಣ ಚಾಳುಕ್ಯ ದೊರೆ ಆಹವಮಲ್ಲ ಸೋಮೇಶ್ವರ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ಆ ರಾಜನ ಕೊನೆಗಾಲವನ್ನು ಕಾಶ್ಮೀರದ ಬಿಲ್ಹಣ ‘ವಿಕ್ರಮಾಂಕದೇವಚರಿತ’ದಲ್ಲಿ ಹಾಡಿದ್ದು ಪ್ರಾಸದ ಕಟ್ಟಿಲ್ಲದ ಸಂಸ್ಕೃತದಲ್ಲಿ. ಆಸ್ಥಾನ ಒಂದೇ, ಹೊಳೆ ಒಂದೇ. ಕನ್ನಡದಲ್ಲಿ ಹೇಳಹೊರಟವನಿಗೆ ಮಾತ್ರ ಎರಡನೆಯ ಅಕ್ಷರದ ಕಾವಲು.

ನಿಯಮ ಹೀಗೆ ಬಿಗಿಯಾದ ಮೇಲೆ ಸಡಿಲಿಕೆಗಳೂ ಬೇಕಾದವು. ಒಂದೇ ವರ್ಗದ ಅಕ್ಷರಗಳನ್ನು ಪ್ರಾಸಕ್ಕೆ ಒಪ್ಪುವುದು ವರ್ಗಪ್ರಾಸ. ಶ, ಷ, ಸಗಳಂತೆ ಉಚ್ಚಾರದಲ್ಲಿ ಹತ್ತಿರವಾದವನ್ನು ಒಪ್ಪುವುದು ಸಮೀಪಪ್ರಾಸ. ಒಳ್ಳೆಯ ಕವಿಗಳು ಇವನ್ನು ಬಳಸಿದ್ದು ಕಡಿಮೆ. ಹಳಗನ್ನಡದಲ್ಲಿ ಳ ಮತ್ತು ೞ, ರ ಮತ್ತು ಱ ಬೇರೆ ಬೇರೆ ಅಕ್ಷರಗಳು; ಒಂದಕ್ಕೊಂದು ಪ್ರಾಸವಾಗುತ್ತಿರಲಿಲ್ಲ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ಮೂರು ಬಗೆಯನ್ನು ಬಿಡಿಸಿ ಹೇಳಬೇಕಾಗಿ ಬಂದುದೇ, ಹದಿಮೂರನೆಯ ಶತಮಾನದ ಕಿವಿಗೆ ಈ ವ್ಯತ್ಯಾಸ ಮಸುಕಾಗಿತ್ತು ಎಂಬುದನ್ನು ತೋರಿಸುತ್ತದೆ. ೞಕಾರದ ಮಾತಿಗೆ ಳಕಾರದ ಮಾತನ್ನು ಪ್ರಾಸವಾಗಿಟ್ಟ ಪದ್ಯ ಸಿಕ್ಕರೆ, ಆ ಕವಿಯ ಬಾಯಲ್ಲಿ ೞ ಸತ್ತಿತ್ತು ಎಂದು ಭಾಷಾಚರಿತ್ರಕಾರರು ತೀರ್ಮಾನಿಸುತ್ತಾರೆ. ಕವಿಯ ತಪ್ಪು ಹೀಗೆ ಚರಿತ್ರೆಯ ಲಾಭ.

ಎರಡನೆಯ ಅಕ್ಷರದ ಈ ವ್ಯಾಮೋಹ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತಮಿಳಿನ ‘ಎದುಗೈ’ ಇದೇ ಜಾಗದಲ್ಲಿ ಕೂರುತ್ತದೆ. ತೆಲುಗಿನವರು ಪ್ರಾಸದ ಜೊತೆಗೆ ಯತಿಯನ್ನೂ ಉಳಿಸಿಕೊಂಡು ಎರಡು ಹೊರೆ ಹೊತ್ತರು. ಪಂಪನ ತಮ್ಮ ಜಿನವಲ್ಲಭ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇದ್ದು, ಕಂದ ಎರಡು ದ್ರಾವಿಡ ಭಾಷೆಗಳಿಗೂ ಸಮಾನ ಸೊತ್ತಾಗಿದ್ದ ಕಾಲವನ್ನು ತೋರುತ್ತದೆ.

ಚಂಪೂ ಹಿಂದಕ್ಕೆ ಸರಿದ ಮೇಲೆ ಪ್ರಾಸ ಸಾಯಲಿಲ್ಲ, ಅದರ ದುಡಿಮೆ ಬದಲಾಯಿತು. ಈ ತಾಲ್ಲೂಕುಗಳ ಮಗ್ಗುಲಲ್ಲೇ ಇರುವ ಹಂಪೆಯ ಹರಿಹರ ರಗಳೆಯನ್ನು ಹಿಡಿದಾಗ ಪ್ರಾಸ ಎರಡೆರಡು ಪಾದಕ್ಕೆ ಬದಲಾಗತೊಡಗಿತು, ಕವಿ ಓಡಬಹುದಾಯಿತು. ಅವನ ಸೋದರಳಿಯ ರಾಘವಾಂಕನ ಷಟ್ಪದಿಯಲ್ಲಿ ಮತ್ತೆ ಬಿಗಿ ಹೆಚ್ಚಿತು: ಆರು ಪಾದ, ಆರಕ್ಕೂ ಒಂದೇ ಪ್ರಾಸ. ಅಜಪ್ರಾಸದ ಷಟ್ಪದಿ ಬರೆಯಹೊರಡುವ ಧೈರ್ಯ ಯಾರಿಗೂ ಬೇಡ. ಹಾಡುಗಬ್ಬದಲ್ಲಿ ಆದಿಪ್ರಾಸ ತಾಳದ ಜೊತೆಗಾರನಾಯಿತು. ‘ಭೀಮೇಶಕೃಷ್ಣ’ ಅಂಕಿತದ ಹರಪನಹಳ್ಳಿ ಭೀಮವ್ವ (1823–1903) ಬಾಳಿದ್ದು ಹತ್ತೊಂಬತ್ತನೆಯ ಶತಮಾನದಲ್ಲಾದರೂ, ದಾಸಪರಂಪರೆಯ ಕೀರ್ತನೆಗಳು ಕಾಪಾಡಿಕೊಂಡು ಬಂದ ಎರಡನೆಯ ಅಕ್ಷರದ ನಂಟು ಆಕೆಯವರೆಗೂ ಹರಿದಿತ್ತು. ಅಂಕಿತವೇ ಮಕಾರದ ಗಜಪ್ರಾಸ. ಅದನ್ನು ಸಾಲಿನ ಮೊದಲಿಗೆ ಇಟ್ಟರೆ ರಾಮ, ನಾಮ, ಸ್ವಾಮಿ, ಪ್ರೇಮ ತಾವಾಗಿ ಸಾಲುಗಟ್ಟುತ್ತವೆ. ಬೀಸುಕಲ್ಲಿನ ಮುಂದಿನ ತ್ರಿಪದಿಯಲ್ಲೂ ಆದಿಪ್ರಾಸ ಬಹಳ ಕಡೆ ಉಳಿದಿದೆ, ಕಡ್ಡಾಯವಾಗಿ ಅಲ್ಲ, ರೂಢಿಯಾಗಿ. ಮೈಲಾರದ ಗೊರವಯ್ಯ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಬಿಲ್ಲನ್ನೇರಿ ನುಡಿಯುವ ಕಾರ್ಣಿಕ ಮಾತ್ರ ಈ ಲೆಕ್ಕದ ಹೊರಗಿನದು. ಅದು ಒಂದೇ ಸಾಲು. ಪ್ರಾಸಕ್ಕೆ ಎರಡನೆಯ ಸಾಲು ಬೇಕು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಾಸದ ವಿರುದ್ಧ ದನಿ ಎದ್ದಿತು. ಮಂಜೇಶ್ವರದ ಎಂ. ಗೋವಿಂದ ಪೈ (1883–1963) 1911ರ ಸುಮಾರಿಗೆ ಆದಿಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಪ್ರಾಸಕ್ಕಾಗಿ ಬೇಡದ ಮಾತನ್ನು ಎಳೆತರುವ ಚಾಳಿ ಅಷ್ಟು ಹೊತ್ತಿಗೆ ಮಿತಿಮೀರಿದ್ದರಿಂದ ಆ ನಿಲುವಿನಲ್ಲಿ ನ್ಯಾಯವಿತ್ತು. ನವೋದಯದ ಭಾವಗೀತೆಗಳು ಅಂತ್ಯಪ್ರಾಸಕ್ಕೆ ಹೊರಳಿದವು, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನ ಮಹಾಛಂದಸ್ಸಿನಲ್ಲಿ ಆದಿಪ್ರಾಸದ ಕಟ್ಟನ್ನೇ ಬಿಚ್ಚಿದರು. ಆರು ಪ್ರಾಣಿಗಳು ಛಂದಸ್ಸಿನ ಪುಸ್ತಕಗಳಿಗೆ ಸೀಮಿತವಾದವು, ಡಿ.ಎಸ್. ಕರ್ಕಿಯವರ ‘ಕನ್ನಡ ಛಂದೋವಿಕಾಸ’, ಟಿ.ವಿ. ವೆಂಕಟಾಚಲಶಾಸ್ತ್ರಿಗಳ ‘ಕನ್ನಡ ಛಂದಃಸ್ವರೂಪ’ ಅವುಗಳಲ್ಲಿ ಮುಖ್ಯ.

ಪ್ರಾಸದ ಆರು ಬಗೆಯನ್ನು ತತ್‌ಕ್ಷಣದಲ್ಲಿ, ಸಭೆಯ ಎದುರು ಲೆಕ್ಕಹಾಕಬೇಕಾದ ಸಂದರ್ಭ ಇವತ್ತಿಗೂ ಒಂದಿದೆ: ಅವಧಾನ. ಶತಾವಧಾನಿ ಆರ್. ಗಣೇಶ್ ಕನ್ನಡದಲ್ಲಿ ಮತ್ತೆ ನೆಲೆಗೊಳಿಸಿದ ಈ ಕಲೆಯಲ್ಲಿ ಸಮಸ್ಯಾಪೂರಣ ಒಂದು ಅಂಗ. ಪೃಚ್ಛಕರು ಪದ್ಯದ ಕೊನೆಯ ಪಾದವನ್ನು ಮಾತ್ರ ಕೊಡುತ್ತಾರೆ; ಉಳಿದ ಪಾದಗಳನ್ನು ಅವಧಾನಿ ಕಟ್ಟಬೇಕು. ಸಮಸ್ಯೆಯ ಅರ್ಥ ಎಷ್ಟೇ ವಕ್ರವಾಗಿರಲಿ, ಅವಧಾನಿ ಮೊದಲು ಲಕ್ಷ್ಯ ಕೊಡಬೇಕಾದ್ದು ಅದರ ಎರಡನೆಯ ಅಕ್ಷರಕ್ಕೆ. ಆ ಪಾದ ಕೊಟ್ಟೂರಿನಿಂದ ತೊಡಗಿದ್ದರೆ ಹಯಪ್ರಾಸದ ಮಾತುಗಳು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತವೆ. ಕೂಡ್ಲಿಗಿಯಿಂದ ತೊಡಗಿದ್ದರೆ ‘ಡ್ಲ’ಕ್ಕೆ ಮೂರು ಜೊತೆ ಹುಡುಕಬೇಕು, ಅದೂ ಆಡುಮಾತಿನ ‘ನೋಡ್ಲಿ’, ‘ಮಾಡ್ಲಿ’ಗಳ ನೆರವಿಲ್ಲದೆ.